ಮಲೆನಾಡಿನ ಬೆಟ್ಟದ ಓಟ: ಆಯೋಜಕರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆ ಮೊದಲ ಸಲ ಬೆಟ್ಟದ ಓಟ ನಡೆಸಲು ಹೊರಟವರಿಗಾಗಿ ಬರೆದದ್ದು ಇದು. ಲೆಕ್ಕಗಳೆಲ್ಲ ಒಂದೇ ಮಾದರಿಯವು: 200 ಓಟಗಾರರು, 30 ಕಿ.ಮೀ. ದಾರಿ, ಒಟ್ಟು 1,600 ಮೀಟರ್ ಏರು, ಡಿಸೆಂಬರ್ ತಿಂಗಳು. ನಿಮ್ಮ ಓಟ ಬೇರೆಯಾದರೆ ಅಂಕಿ ಬದಲಿಸಿಕೊಳ್ಳಿ, ಲೆಕ್ಕ ಹಾಕುವ ಕ್ರಮ ಅದೇ.

ದಾರಿ ಗುರುತಿಸುವ ಕೆಲಸ ಎಲ್ಲಿಂದ ಶುರು ಮಾಡಬೇಕು?

ಸ್ಟ್ರೆಚರ್‌ನಿಂದ. ನಕ್ಷೆಯಲ್ಲಿ ಚೆಂದದ ಗುಡ್ಡದ ಸಾಲು ಕಂಡ ಕೂಡಲೇ ಗೆರೆ ಎಳೆದುಬಿಡುವುದು ಎಲ್ಲರೂ ಮಾಡುವ ತಪ್ಪು. ಮೊದಲು ಜೀಪು ಹೋಗುವ ರಸ್ತೆಗಳನ್ನೆಲ್ಲ ನಕ್ಷೆಯಲ್ಲಿ ತುಂಬಿ. ಆಮೇಲೆ ದಾರಿಯ ಒಂದೊಂದು ಕಿಲೋಮೀಟರಿನಲ್ಲೂ ನಿಂತು ಕೇಳಿಕೊಳ್ಳಿ: ಇಲ್ಲಿ ಒಬ್ಬರ ಕಾಲು ಮುರಿದರೆ ಜೀಪಿನವರೆಗೆ ಹೊತ್ತು ತರಲು ಎಷ್ಟು ಹೊತ್ತು?

ಏರು ತಗ್ಗಿನ ಕಾಲುದಾರಿಯಲ್ಲಿ ಸ್ಟ್ರೆಚರ್ ಗಂಟೆಗೆ 1 ಕಿ.ಮೀ. ಸಾಗಿದರೆ ಹೆಚ್ಚು. ಹೊರಲು ಒಮ್ಮೆಗೆ 6 ಜನ ಬೇಕು, 10–15 ನಿಮಿಷಕ್ಕೊಮ್ಮೆ ಹೆಗಲು ಬದಲಾಗಬೇಕು. ದೂರ ಹೆಚ್ಚಿದ್ದರೆ 18 ಜನ ಇಟ್ಟುಕೊಂಡೇ ಮಾತಾಡಿ. ಜೀಪುದಾರಿಯಿಂದ 3 ಕಿ.ಮೀ.ಗಿಂತ ಹೆಚ್ಚು ಒಳಕ್ಕಿರುವ ಜಾಗ ಎಂದರೆ ಗಾಯಾಳು ಮೂರು ಗಂಟೆ ಹೆಗಲ ಮೇಲೆ. ಅಂಥ ತುಂಡನ್ನು ಕೈಬಿಡಿ. ಬಿಡಲು ಮನಸ್ಸಿಲ್ಲದಿದ್ದರೆ ಸ್ಟ್ರೆಚರ್, ಎರಡು ಕಂಬಳಿ, ಪ್ರಥಮ ಚಿಕಿತ್ಸೆ ಗೊತ್ತಿರುವ ಇಬ್ಬರು ಇಷ್ಟನ್ನು ಬೆಳಗ್ಗೆಯೇ ಅಲ್ಲಿ ಮೇಲೆ ಕೂರಿಸಿ. ಗಾಯವಾದ ಮೇಲೆ ಕೆಳಗಿನಿಂದ ಹೊರಡುವ ಸ್ಟ್ರೆಚರ್ ಹತ್ತುವುದಕ್ಕೇ ಅರ್ಧ ದಿನ ತಿನ್ನುತ್ತದೆ.

ಇನ್ನೊಂದು ಮಾತು: ಜೀಪು ಹೋಗುತ್ತದೆ ಎಂದು ತೋಟದವರು ಹೇಳಿದ ದಾರಿಯಲ್ಲಿ ಒಮ್ಮೆ ಜೀಪು ಓಡಿಸಿ ನೋಡಿ. ಮಳೆಗಾಲದಲ್ಲಿ ದರೆ ಕುಸಿದದ್ದನ್ನು ಎಲ್ಲರೂ ಸರಿಪಡಿಸಿರುವುದಿಲ್ಲ. ಮುಳ್ಳಯ್ಯನಗಿರಿಯಂಥ ಕಡೆ ರಸ್ತೆ ಚೆನ್ನಾಗಿಯೇ ಇರುತ್ತದೆ, ಆದರೆ ಶನಿವಾರ–ಭಾನುವಾರ ಪ್ರವಾಸಿ ಕಾರುಗಳ ಸಾಲಿನಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡರೆ ರಸ್ತೆ ಇದ್ದೂ ಇಲ್ಲದಂತೆ.

ಇಷ್ಟೆಲ್ಲ ಸುರಕ್ಷತೆ ನೋಡಿದರೆ ಓಟ ಸಪ್ಪೆಯಾಗುವುದಿಲ್ಲವೇ?

ಇಲ್ಲ. ಕಷ್ಟ ಬೇರೆ, ಅಪಾಯ ಬೇರೆ. ಓಟಗಾರ ಕಣ್ಣಾರೆ ಕಂಡು, ಒಪ್ಪಿ, ತಯಾರಾಗಿ ಬರುವ ಕಷ್ಟ ಎಷ್ಟಿದ್ದರೂ ಸರಿ: ಉಸಿರುಗಟ್ಟುವ ಏರು, ತೊಡೆ ನಡುಗಿಸುವ ಇಳುಕಲು, ದೂರ. ಅವನಿಗೆ ಕಾಣದೆ ಹೊಂಚುಹಾಕುವಂಥದ್ದು ಇರಕೂಡದು: ರಿಬ್ಬನ್ ಇಲ್ಲದ ಕವಲು, ನೀರು ಮುಗಿದ ಚೆಕ್‌ಪಾಯಿಂಟ್, ಪಾಚಿ ಕಟ್ಟಿದ ಜಂಬಿಟ್ಟಿಗೆಯ ಮೆಟ್ಟಿಲು, ಮೊಣಕಾಲು ಮೀರಿದ ಹಳ್ಳ.

ಅಳತೆ ಬೇಕಿದ್ದರೆ ವರ್ಲ್ಡ್ ಅಥ್ಲೆಟಿಕ್ಸ್ ನಿಯಮ ನೋಡಿ. ಬೆಟ್ಟದ ಓಟದ ಸರಾಸರಿ ಏರು ಶೇ. 5ರಿಂದ 25ರೊಳಗೆ, ಅಂದರೆ ಕಿಲೋಮೀಟರಿಗೆ 50ರಿಂದ 250 ಮೀಟರ್. ದಾರಿ ಓಡುವಂತಿದ್ದರೆ ಶೇ. 10–15 ಅತ್ಯುತ್ತಮ. ಟ್ರೇಲ್ ಓಟದವರು, ಅಂದರೆ ಕಾಡು–ಗುಡ್ಡದ ಕಾಲುದಾರಿಯಲ್ಲಿ ಓಡುವವರು, ಬಳಸುವ ಇನ್ನೊಂದು ಲೆಕ್ಕ ಸುಲಭ: ದೂರದ ಕಿಲೋಮೀಟರಿಗೆ ಪ್ರತಿ 100 ಮೀಟರ್ ಏರಿಗೆ ಒಂದರಂತೆ ಕೂಡಿ. ನಮ್ಮ ಮಾದರಿ ಓಟ 30 + 16 = 46 ‘ಶ್ರಮ ಕಿಲೋಮೀಟರ್’. ಪೋಸ್ಟರಿನಲ್ಲಿ 30 ಕಿ.ಮೀ. ಎಂದು ಮಾತ್ರ ಹಾಕಿದರೆ ಬೆಂಗಳೂರಿನ ರಸ್ತೆಯಲ್ಲಿ ಮೂರು ಗಂಟೆಗೆ 30 ಓಡುವವರು ಮೂರೂವರೆ ಗಂಟೆಗೆ ತಿಂಡಿ–ನೀರು ಕಟ್ಟಿಕೊಂಡು ಬರುತ್ತಾರೆ. ಏರಿನ ಚಿತ್ರವನ್ನೂ 46ನ್ನೂ ದೂರದಷ್ಟೇ ದಪ್ಪಕ್ಷರದಲ್ಲಿ ಹಾಕಿ.

ಏರಿನ ಅಳತೆ ಒಬ್ಬರ ವಾಚಿನದನ್ನು ನಂಬಬೇಡಿ. ಮರದಡಿಯಲ್ಲಿ ಬರೀ ಜಿಪಿಎಸ್ ಎತ್ತರ ಸುಮ್ಮಸುಮ್ಮನೆ ಹೆಚ್ಚಾಗಿ ಕೂಡಿಕೊಳ್ಳುತ್ತದೆ. ಗಾಳಿಯೊತ್ತಡ ಅಳೆಯುವ ಮೂರು ವಾಚುಗಳನ್ನು ಬೇರೆ ಬೇರೆ ದಿನ ಓಡಿಸಿ ನಡುವಿನ ಅಂಕಿ ಹಿಡಿಯಿರಿ.

ಕಠಿಣ ಇಳುಕಲನ್ನು ಎಲ್ಲಿಡಬೇಕು?

ಮೊದಲ ಮೂರನೇ ಎರಡು ಭಾಗದೊಳಗೆ. ಬೀಳುವುದು ಹೆಚ್ಚಾಗಿ ಇಳಿಯುವಾಗ, ಅದರಲ್ಲೂ ತೊಡೆ ಸೋತ ಮೇಲೆ. 25ನೇ ಕಿ.ಮೀ. ದಾಟಿದ ಮೇಲೆ ಸಡಿಲ ಕಲ್ಲಿನ ಇಳಿಜಾರು ಬಂದರೆ ಅದು ಓಟದ ಪರೀಕ್ಷೆ ಅಲ್ಲ, ಅದೃಷ್ಟದ ಪರೀಕ್ಷೆ. ಬೇರೆ ದಾರಿಯೇ ಇಲ್ಲದಿದ್ದರೆ ಅಲ್ಲಿ ದಾರಿ ಕಾಯುವ ಮಾರ್ಷಲ್ ನಿಲ್ಲಿಸಿ ‘ನಡೆಯುವ ವಲಯ’ ಎಂದು ಘೋಷಿಸಿ, ಆ ತುಂಡಿನ ಸಮಯವನ್ನು ಲೆಕ್ಕದಿಂದ ತೆಗೆಯಿರಿ. ಬೆಳಗಿನ ಇಬ್ಬನಿಗೆ ನೆಂದ ಹುಲ್ಲುಗಾವಲಿನ ಇಳಿಜಾರು ಹತ್ತು ಗಂಟೆಯ ಹೊತ್ತಿಗೆ ಬೇರೆಯೇ ಜಾಗವಾಗಿರುತ್ತದೆ. ಆದ್ದರಿಂದ ದಾರಿ ಪರೀಕ್ಷೆಯನ್ನು ಮೊದಲ ಓಟಗಾರ ಅಲ್ಲಿ ಇಳಿಯುವ ಹೊತ್ತಿಗೇ ಮಾಡಿ.

ಅನುಮತಿ ಯಾರ್‍ಯಾರದು ಬೇಕು?

ದಾರಿ ಮೀಸಲು ಅರಣ್ಯದೊಳಗೆ ಹಾದರೆ ಆ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಅರ್ಜಿ, ಜೊತೆಗೆ ನಕ್ಷೆ, ಬರುವ ಜನರ ಸಂಖ್ಯೆ, ಕಸದ ವ್ಯವಸ್ಥೆಯ ವಿವರ. ರಾಷ್ಟ್ರೀಯ ಉದ್ಯಾನ, ವನ್ಯಜೀವಿ ಧಾಮಗಳ ಒಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಿಗಿ ಬೇರೆ. ಅದರ ಗಡಿಗೆ ತಾಗದಂತೆ ದಾರಿ ಎಳೆಯುವುದೇ ಜಾಣತನ. ಪೊಲೀಸ್, ಗ್ರಾಮ ಪಂಚಾಯಿತಿ, ಜಿಲ್ಲಾಡಳಿತಕ್ಕೆ ಪತ್ರ ಸಾಮಾನ್ಯ. ಆರು ತಿಂಗಳು ಮುಂಚೆ ಶುರು ಮಾಡಿ.

ತೋಟದ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಆದರೆ ಗೇಟು ತೆಗೆಯುವವರು ತೋಟದ ಲೆಕ್ಕ–ಕೆಲಸ ನೋಡುವ ರೈಟರು, ಮೇಸ್ತ್ರಿ. ಮಾಲೀಕರು ಒಪ್ಪಿದ ಸುದ್ದಿ ಅವರಿಗೆ ತಲುಪದೆ, ಬೆಳಗ್ಗೆ ಏಳು ಗಂಟೆಗೆ ಬೀಗ ಹಾಕಿದ ಗೇಟಿನ ಮುಂದೆ ಓಟಗಾರರು ನಿಂತಿರುವುದು ಅಪರೂಪದ ದೃಶ್ಯವೇನಲ್ಲ. ಉಣುಗೋಲು (ಬೇಲಿಯ ದಾರಿಗೆ ಅಡ್ಡ ಹಾಕುವ ಗಳುಗಳು) ಎಷ್ಟಿವೆ, ಬೇಲಿಯಲ್ಲಿ ಕರೆಂಟ್ ಇದೆಯೇ, ನಾಯಿ ಯಾವಾಗ ಕಟ್ಟುತ್ತಾರೆ ಇವೆಲ್ಲ ಅವರ ಬಾಯಿಂದಲೇ ತಿಳಿಯಬೇಕು.

ಯಾವ ತಿಂಗಳು ಒಳ್ಳೆಯದು?

ನವೆಂಬರ್ ಕೊನೆಯಿಂದ ಜನವರಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಅಕ್ಟೋಬರಿನಲ್ಲಿ ಮಧ್ಯಾಹ್ನದ ಗುಡುಗು, ಫೆಬ್ರವರಿಯಿಂದ ಕಾಡ್ಗಿಚ್ಚಿನ ಭಯ, ಏಪ್ರಿಲ್–ಮೇ ಮತ್ತೆ ಸಿಡಿಲು. ಒಳ್ಳೆಯ ತಿಂಗಳಿಗೂ ಒಂದು ತಕರಾರಿದೆ: ಅದೇ ಕಾಫಿ ಕುಯ್ಲಿನ ಕಾಲ. ಆಳುಗಳು, ಟ್ರ್ಯಾಕ್ಟರ್, ಕಣದಲ್ಲಿ ಹರಡಿದ ಹಣ್ಣು ಎಲ್ಲವೂ ದಾರಿಯಲ್ಲೇ ಇರುತ್ತವೆ. ಭಾನುವಾರ ಇಟ್ಟುಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ.

ರಿಬ್ಬನ್ ಎಷ್ಟು ಬೇಕು, ಯಾವ ಬಣ್ಣ?

ನೇರ ದಾರಿಯಲ್ಲಿ 50 ಮೀಟರಿಗೊಂದರಂತೆ 30 ಕಿ.ಮೀ.ಗೆ 600. ಕವಲುಗಳು 60 ಎಂದುಕೊಂಡರೆ ಒಂದೊಂದಕ್ಕೆ 8: ಮುಂಚೆ ಎರಡು, ತಿರುವಿನಲ್ಲಿ ಮೂರು, ತಿರುಗಿದ ಮೇಲೆ 20 ಮೀಟರ್ ಒಳಗೆ ಎರಡು, ಇನ್ನೊಂದಿಷ್ಟು ಮುಂದೆ ಒಂದು. ಅದು 480. ಒಟ್ಟು 1,080, 1,300 ಕೊಂಡೊಯ್ಯಿರಿ. ತಿರುಗಿದ ಮೇಲಿನ ಆ ಎರಡನ್ನು ಹೊಸಬರು ಉಳಿತಾಯಕ್ಕೆಂದು ಬಿಡುತ್ತಾರೆ. ‘ಸರಿಯಾದ ದಾರಿಯಲ್ಲೇ ಇದ್ದೇನೆ’ ಎಂದು ಧೈರ್ಯ ಕೊಡುವುದು ಅವೇ. ತಪ್ಪು ದಾರಿಯ ಬಾಯಿಗೆ ಸುಣ್ಣದ ಪುಡಿಯಲ್ಲಿ ಅಡ್ಡಗೆರೆ ಎಳೆಯಿರಿ.

ಹಸಿರು ಕಾಣುವುದಿಲ್ಲ. ಕೆಂಪು ರಿಬ್ಬನ್ ಹಣ್ಣಾದ ಕಾಫಿ ಗಿಡಗಳ ನಡುವೆ ಕರಗಿಹೋಗುತ್ತದೆ. ಕೇಸರಿ, ಹಳದಿ ಕಟ್ಟಿದರೆ ಊರಿನ ಜಾತ್ರೆಯದೋ ಪಕ್ಷದ್ದೋ ಎಂಬ ಗೊಂದಲ. ಕಡು ಗುಲಾಬಿ ಅಥವಾ ನೀಲಿ ಹಿಡಿಯಿರಿ. ಎದೆಯ ಎತ್ತರಕ್ಕೆ, ಕೊಂಬೆಗೆ ಕಟ್ಟಿ. ತಗ್ಗಿನಲ್ಲಿ ಕಟ್ಟಿದ್ದನ್ನು ದನ ಮೇಯುತ್ತದೆ, ಮಕ್ಕಳು ಕೀಳುತ್ತಾರೆ. ಹಿಂದಿನ ದಿನ ಮಧ್ಯಾಹ್ನ ಕಟ್ಟಿ ಮುಗಿಸಿ, ಓಟದ ದಿನ ಮೊದಲ ಓಟಗಾರನಿಗಿಂತ ಒಂದು ಗಂಟೆ ಮುಂಚೆ ಕೈಯಲ್ಲಿ 100 ರಿಬ್ಬನ್ ಹಿಡಿದ ಒಬ್ಬರು ಇಡೀ ದಾರಿ ಓಡಿ ನೋಡಬೇಕು. ಅವರ ಜೊತೆ ಊರಿನವರೊಬ್ಬರಿದ್ದರೆ ಇನ್ನೂ ಒಳ್ಳೆಯದು.

ಕಟ್‌ಆಫ್ ಸಮಯ ಹೇಗೆ ನಿಗದಿ ಮಾಡುವುದು?

ಕಟ್‌ಆಫ್ ಎಂದರೆ ಅಷ್ಟರೊಳಗೆ ಬಾರದವರನ್ನು ಮುಂದೆ ಬಿಡದ ಗಡುವು. ಅದನ್ನು ಲೆಕ್ಕ ಹಾಕುವುದು ದೂರದಿಂದಲ್ಲ, ಶ್ರಮ ಕಿಲೋಮೀಟರಿನಿಂದ. ಕೊನೆಯ ಓಟಗಾರನಿಗೆ ಒಂದು ಶ್ರಮ ಕಿಲೋಮೀಟರಿಗೆ 12 ನಿಮಿಷ ಕೊಡಿ: 46 × 12 = 552 ನಿಮಿಷ, 9 ಗಂಟೆ 12 ನಿಮಿಷ. ಬೆಳಗ್ಗೆ 6:30ಕ್ಕೆ ಹೊರಟರೆ ಮಧ್ಯಾಹ್ನ 3:42. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಉಳಿದ ಎರಡು ಗಂಟೆ ಚಿಲ್ಲರೆ ಹುಡುಕಾಟಕ್ಕೆ ಇಟ್ಟುಕೊಂಡ ಬೆಳಕು, ಅದನ್ನು ಯಾರಿಗೂ ದಾನ ಮಾಡಬೇಡಿ.

ನಡುವಿನ ಕಟ್‌ಆಫ್‌ನಲ್ಲೇ ಎಡವಟ್ಟಾಗುವುದು. ಎರಡನೇ ಚೆಕ್‌ಪಾಯಿಂಟ್ 14ನೇ ಕಿ.ಮೀ.ಯಲ್ಲಿದೆ, ಅಷ್ಟರಲ್ಲಿ 1,000 ಮೀಟರ್ ಏರಿ ಆಗಿದೆ ಎನ್ನಿ. ಬರೀ ದೂರದ ಅನುಪಾತ ಹಿಡಿದರೆ 10:48ಕ್ಕೆ ಗೇಟು ಮುಚ್ಚುತ್ತೀರಿ. ಶ್ರಮದ ಲೆಕ್ಕದಲ್ಲಿ 24 × 12 = 288 ನಿಮಿಷ, ಅಂದರೆ 11:18. ಮೊದಲ ಲೆಕ್ಕದಲ್ಲಿ ಮುಗಿಸಬಲ್ಲ ಹತ್ತಾರು ಜನ ಅನ್ಯಾಯವಾಗಿ ಹೊರಬೀಳುತ್ತಾರೆ, ಜಗಳವಾಗುತ್ತದೆ, ಜಗಳಕ್ಕೆ ಸೋತ ಮಾರ್ಷಲ್ ನಿಜಕ್ಕೂ ಹಿಂದುಳಿದವರನ್ನೂ ಬಿಟ್ಟುಬಿಡುತ್ತಾನೆ. ಲೆಕ್ಕ ಸರಿ ಇದ್ದರೆ ಮಾತ್ರ ಗೇಟನ್ನು ಗಟ್ಟಿಯಾಗಿ ಮುಚ್ಚಲು ಸಾಧ್ಯ.

200 ಜನರನ್ನು ಒಟ್ಟಿಗೆ ಬಿಡಬಹುದೇ?

ಮೊದಲ 2–3 ಕಿ.ಮೀ. ಅಗಲ ರಸ್ತೆ, ಅದೂ ಏರು ಇದ್ದರೆ ಬಿಡಿ. ಅಲ್ಲೇ ಸಾಲು ಎಳೆದುಕೊಳ್ಳುತ್ತದೆ. ಒಬ್ಬರೇ ಹೋಗುವ ಕಾಲುದಾರಿ ಬೇಗ ಬಂದರೆ ತಲೆಗೆ 3 ಸೆಕೆಂಡಿನಂತೆ ಕೊನೆಯವರು 10 ನಿಮಿಷ ನಿಂತೇ ಇರುತ್ತಾರೆ, ಆಮೇಲೆ ಆ ಸಿಟ್ಟನ್ನು ಇಳುಕಲಿನಲ್ಲಿ ತೀರಿಸಿಕೊಳ್ಳುತ್ತಾರೆ. ಅಂಥ ಕಡೆ 40 ಜನರ ತಂಡ ಮಾಡಿ, 5 ನಿಮಿಷದ ಅಂತರದಲ್ಲಿ ಬಿಡಿ.

ನೀರು ಎಷ್ಟು ಇಡಬೇಕು?

ಚೆಕ್‌ಪಾಯಿಂಟಿನಲ್ಲಿ ಒಬ್ಬರು ಒಂದು ಲೀಟರ್ ತುಂಬಿಸಿಕೊಳ್ಳುತ್ತಾರೆ, ನಿಂತು 300 ಎಂ.ಎಲ್. ಕುಡಿಯುತ್ತಾರೆ. 200 ಜನಕ್ಕೆ 260 ಲೀಟರ್. ಗಾಯ ತೊಳೆಯಲು, ತಲೆಗೆ ಸುರಿದುಕೊಳ್ಳಲು ಸೇರಿಸಿ 320, ಅಂದರೆ 20 ಲೀಟರಿನ 16 ಕ್ಯಾನ್. ಇದರಲ್ಲಿ 4 ಕ್ಯಾನನ್ನು ಟಾರ್ಪಾಲಿನಡಿ ಮುಚ್ಚಿಟ್ಟು, 150ನೇ ಓಟಗಾರ ದಾಟಿದ ಮೇಲೇ ತೆಗೆಯಿರಿ. ಮುಂದಿನವರು ತಲೆಗೆ ಸುರಿದುಕೊಂಡು ಹೋದ ನೀರು, ಬಿಸಿಲಿನಲ್ಲಿ ಹೆಚ್ಚು ಹೊತ್ತು ಇರುವ ಹಿಂದಿನವರಿಗೆ ಸಿಗದೇ ಹೋಗುವುದು ಮಾಮೂಲಿ ಕಥೆ. ಲೋಟ ಇಡಬೇಡಿ, ಅವರವರ ಲೋಟ ಅವರವರೇ ತರಲಿ.

ತಿನ್ನಲು ಬಾಳೆಹಣ್ಣು, ಕಡಲೆ ಚಿಕ್ಕಿ, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ. ಬೆಲ್ಲದ ಪಾನಕಕ್ಕೆ ಚಿಟಿಕೆ ಉಪ್ಪು ಹಾಕಿಟ್ಟರೆ ದುಬಾರಿ ಜೆಲ್‌ಗಿಂತ ಬೇಗ ಖಾಲಿಯಾಗುತ್ತದೆ. ಓಆರ್‌ಎಸ್ ಪೊಟ್ಟಣ ಒಂದು ಲೀಟರಿನದಾದರೆ ಒಂದು ಲೀಟರಿಗೇ ಕಲಸಿ. ಅರ್ಧ ಲೀಟರಿಗೆ ಸುರಿದರೆ ವಾಂತಿ.

‘ಕುಡೀರಿ ಕುಡೀರಿ’ ಎಂದು ಒತ್ತಾಯಿಸಬೇಡಿ. ಬಾಯಾರಿದಷ್ಟು ಕುಡಿದರೆ ಸಾಕು. ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ: ತಲೆನೋವು, ವಾಂತಿ, ಬೆರಳು ಊದಿ ಉಂಗುರ ಬಿಗಿಯುವುದು, ಮಾತು ತೊದಲುವುದು. ಇದನ್ನು ನಿರ್ಜಲೀಕರಣ ಎಂದು ತಿಳಿದು ಇನ್ನಷ್ಟು ನೀರು ಕುಡಿಸಿದರೆ ಜೀವಕ್ಕೇ ಕುತ್ತು.

ಕಡ್ಡಾಯ ಸಾಮಾನಿನ ಪಟ್ಟಿ ಏನು?

ಗಾಳಿ–ಮಳೆ ತಡೆಯುವ ಟೋಪಿಯ ಜಾಕೆಟ್, ಬೆಳ್ಳಿ ಬಣ್ಣದ ರಕ್ಷಣಾ ಹೊದಿಕೆ, ಸೀಟಿ, 1 ಲೀಟರ್ ನೀರಿನ ಚೀಲ, ಚಾರ್ಜ್ ಇರುವ ಫೋನ್, ತಲೆಗೆ ಕಟ್ಟುವ ಟಾರ್ಚ್, ಕ್ರೇಪ್ ಬ್ಯಾಂಡೇಜ್. ನಿಮಿಷಕ್ಕೆ ಆರು ಸೀಟಿ ಎಂದರೆ ‘ಅಪಾಯದಲ್ಲಿದ್ದೇನೆ’, ಮೂರು ಎಂದರೆ ‘ಕೇಳಿಸಿತು’. ಇದನ್ನು ಬಿಬ್ಬಿನ (ಓಟಗಾರರ ಎದೆಗೆ ಚುಚ್ಚುವ ಸಂಖ್ಯೆಯ ಚೀಟಿಯ) ಹಿಂಬದಿ ಅಚ್ಚು ಹಾಕಿಸಿ. ಪಟ್ಟಿ ಕಳಿಸಿದರೆ ಸಾಲದು, ಬೆಳಗ್ಗೆ ಬ್ಯಾಗ್ ತೆರೆಸಿ ನೋಡಬೇಕು. ವಿದೇಶದಿಂದ ಬರುವವರಿಗೆ ಮುಂಚೆಯೇ ಬರೆಯಿರಿ: ಸರ್ಕಾರದ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಸಂದೇಶ ಸಾಧನ ಭಾರತಕ್ಕೆ ತರುವಂತಿಲ್ಲ.

ಮಲೆನಾಡಿನ ಬಿಸಿಲಿನಲ್ಲಿ ಜಾಕೆಟ್ ಯಾಕೆ?

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿ.ಮೀ. ಓಟಕ್ಕೆ 172 ಜನ ಹೊರಟರು. ಎರಡನೇ ಮತ್ತು ಮೂರನೇ ಚೆಕ್‌ಪಾಯಿಂಟ್ ನಡುವಿನ ಕಡಿದಾದ ಏರಿನಲ್ಲಿ ಬಿರುಗಾಳಿ, ಆಲಿಕಲ್ಲು, ಕೊರೆವ ಮಳೆ ಹಿಡಿಯಿತು. ಅಲ್ಲಿಗೆ ವಾಹನ ಹೋಗುತ್ತಿರಲಿಲ್ಲ. ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಪಟ್ಟಿಯಲ್ಲಿರಲಿಲ್ಲ. 21 ಜನ ಸತ್ತರು, ಅವರಲ್ಲಿ ದೇಶದ ಅಗ್ರ ಓಟಗಾರರೂ ಇದ್ದರು. 2008ರ ಜುಲೈನಲ್ಲಿ ಜರ್ಮನಿಯ ತ್ಸುಗ್‌ಶ್ಪಿಟ್ಸೆ ಬೆಟ್ಟದ ಓಟದಲ್ಲಿ ಹಿಮಗಾಳಿಗೆ ಸಿಕ್ಕಿ ಇಬ್ಬರು ಸತ್ತದ್ದೂ ತೆಳು ಬಟ್ಟೆಯಲ್ಲೇ.

ನಮ್ಮಲ್ಲಿ ಹಿಮ ಬೀಳುವುದಿಲ್ಲ, ಸರಿ. ಆದರೆ ನೆಂದ ಮೈಗೆ ಗಾಳಿ ಬಡಿದರೆ 15 ಡಿಗ್ರಿಯಲ್ಲೂ ಮೈ ತಣ್ಣಗಾಗಿ ನಡುಕ ಬರುತ್ತದೆ. ಕಾಲು ಉಳುಕಿ ಬೋಳುಗುಡ್ಡದ ನೆತ್ತಿಯಲ್ಲಿ ಒಂದು ಗಂಟೆ ಕೂತವನನ್ನು ನೆನೆಸಿಕೊಳ್ಳಿ. ಓಡುವಾಗ ಬೇಡದ ಜಾಕೆಟ್ ಕೂತಾಗ ಬೇಕು.

ಓಟ ನಿಲ್ಲಿಸುವ ನಿರ್ಧಾರ ಯಾರದು?

ಒಬ್ಬರದೇ. ಅವರು ಪ್ರಾಯೋಜಕರ ಜೊತೆ ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುವವರಾಗಿರಬಾರದು, ಓಡುವವರೂ ಆಗಿರಬಾರದು. ಯಾವಾಗ ನಿಲ್ಲಿಸಬೇಕೆಂಬುದನ್ನು ತಿಂಗಳ ಮುಂಚೆಯೇ ಬರೆದಿಡಿ, ಆ ಗಳಿಗೆಯಲ್ಲಿ ಚರ್ಚೆಗೆ ಅವಕಾಶ ಇರಬಾರದು. ಉದಾಹರಣೆಗೆ: ಮಿಂಚಿನಿಂದ ಗುಡುಗಿಗೆ 30 ಸೆಕೆಂಡಿಗಿಂತ ಕಡಿಮೆಯಾದರೆ ಬೋಳುಗುಡ್ಡದ ಭಾಗ ಬಂದ್, ಕೊನೆಯ ಗುಡುಗಿನ ನಂತರ 30 ನಿಮಿಷ ಯಾರೂ ಮೇಲೆ ಹೋಗುವಂತಿಲ್ಲ. ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ನೆಟ್‌ವರ್ಕ್ ಇರುವ ಕಡೆ ಒಬ್ಬರು ಅದನ್ನೇ ನೋಡುತ್ತಿರಲಿ. ನೆತ್ತಿ ಬಿಟ್ಟು ಕೆಳಗಿನಿಂದ ಸುತ್ತುವ ಎರಡನೇ ದಾರಿಯೊಂದನ್ನು ರಿಬ್ಬನ್ ಸಮೇತ ಸಿದ್ಧವಾಗಿಟ್ಟಿದ್ದರೆ ನಿಲ್ಲಿಸುವ ಕೈಗೆ ಧೈರ್ಯ ಬರುತ್ತದೆ. ಬದಲಿ ದಾರಿ ಇಲ್ಲದವರೇ ‘ಇನ್ನೊಂದು ಹತ್ತು ನಿಮಿಷ ನೋಡೋಣ’ ಎನ್ನುವುದು.

ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಏನು ಮಾಡುವುದು?

ಎಲ್ಲೆಲ್ಲಿ ಯಾವ ಕಂಪನಿಯ ಸಿಗ್ನಲ್ ಇದೆ ಎಂದು ನಡೆದು ಗುರುತು ಹಾಕಿ. ಕಣಿವೆಯಿಂದ ಕಣಿವೆಗೆ ವಾಕಿಟಾಕಿ ಕೇಳುವುದಿಲ್ಲ, ನಡುವಿನ ಗುಡ್ಡದ ನೆತ್ತಿಯಲ್ಲಿ ಸಂದೇಶ ದಾಟಿಸುವ ಒಬ್ಬರು ಬೇಕು. ಪರವಾನಗಿ ಇರುವ ಹ್ಯಾಮ್ ರೇಡಿಯೋ ಹವ್ಯಾಸಿಗಳನ್ನು ಕರೆಯುವುದು ಎಲ್ಲಕ್ಕಿಂತ ಉತ್ತಮ, ಅವರಿಗೆ ಇದೇ ಅಭ್ಯಾಸ.

ಆನೆ, ಹಾವು, ಹೆಜ್ಜೇನು?

ಸಕಲೇಶಪುರ, ಆಲೂರು, ಕೊಡಗಿನ ತೋಟಗಳಲ್ಲಿ ಆನೆ ನಿಜವಾದ ಪ್ರಶ್ನೆ. ಬೆಳಕು ಹರಿಯುವ ಮುಂಚೆ ಯಾರನ್ನೂ ತೋಟದೊಳಗೆ ಬಿಡಬೇಡಿ, ರಿಬ್ಬನ್ ನೋಡಲು ಹೋಗುವವರನ್ನೂ ಸೇರಿಸಿ. ಅವರು ಬೆಳಕಾದ ಮೇಲೇ ಹೊರಡುವಂತೆ ಓಟದ ಸಮಯವನ್ನೇ ಹೊಂದಿಸಿಕೊಳ್ಳಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಜೊತೆ ಹಿಂದಿನ ರಾತ್ರಿ, ಬೆಳಗ್ಗೆ ಎರಡೂ ಸಲ ಮಾತಾಡಿ. ಹಿಂಡು ದಾರಿಯ ಹತ್ತಿರ ಇದ್ದರೆ ಎರಡನೇ ದಾರಿ.

ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಹೀರುವುದು ಬೇಡ. ಕಾಲು ಅಲುಗಿಸದೆ ಹೊತ್ತು ತನ್ನಿ. ಸ್ಟ್ರೆಚರ್ ಲೆಕ್ಕ ಇಲ್ಲೂ ಬಂತು. ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದು, ದಾಸ್ತಾನು ಇದೆಯೇ ಎಂದು ಆ ವಾರವೇ ವಿಚಾರಿಸಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ ನಮ್ಮಲ್ಲಿ ಸಿಗುವ ಪ್ರತಿವಿಷ ಮಾಡಿರುವುದು. ಘಟ್ಟದ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ, ಅಲ್ಲಿ ಒಳ್ಳೆಯ ಆಸ್ಪತ್ರೆಯ ಆರೈಕೆಯೇ ಮದ್ದು.

ಹೆಜ್ಜೇನು ಕಟ್ಟಿದ ಬಂಡೆ, ಮರದಿಂದ ದೂರವಾಗಿ ದಾರಿ ತಿರುಗಿಸಿ. ಅದರ ಹತ್ತಿರ ಡ್ರೋನ್, ಹೊಗೆ, ಡೋಲು ಯಾವುದೂ ಬೇಡ. ಜೇನು ಕಡಿದು ತೀವ್ರ ಅಲರ್ಜಿಯಾದವರಿಗೆ ಕೊಡಲು ವೈದ್ಯರ ಪೆಟ್ಟಿಗೆಯಲ್ಲಿ ಅಡ್ರಿನಲಿನ್ ಇರಲೇಬೇಕು.

ಇಂಬಳಕ್ಕೆ (ಕಾಡಿನ ಜಿಗಣೆಗೆ)?

ಉಪ್ಪು, ನಶ್ಯ, ತಾಳ್ಮೆ.

ಮಂಗನ ಕಾಯಿಲೆ ಬಗ್ಗೆ ಚಿಂತೆ ಮಾಡಬೇಕೇ?

ಮಾಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ರಕ್ತ ಹೀರುವ ಉಣ್ಣೆ ಹುಳದಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಮಂಗ ಸತ್ತ ಸುದ್ದಿ ಇರುವ ಕಾಡಿನಲ್ಲಿ ಓಟವೇ ಬೇಡ. ಆರೋಗ್ಯ ಇಲಾಖೆಯಿಂದ ಉಣ್ಣೆ ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ತೈಲ ಕೇಳಿ, ಉದ್ದ ಕಾಲುಚೀಲ ಹಾಕಿಸಿ, ಓಟ ಮುಗಿದ ಮೇಲೆ ಮೈಯೆಲ್ಲ ಉಣ್ಣೆ ಹುಡುಕಿಕೊಳ್ಳಲು ಹೇಳಿ. ಎರಡು ವಾರದೊಳಗೆ ಜ್ವರ ಬಂದರೆ ಕಾಡಿನಲ್ಲಿ ಓಡಿದ್ದನ್ನು ವೈದ್ಯರಿಗೆ ತಿಳಿಸಬೇಕು.

ಎತ್ತರದ ಕಾಯಿಲೆ ಬರುತ್ತದೆಯೇ?

ಇಲ್ಲ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಆ ತೊಂದರೆ ಸಾಮಾನ್ಯವಾಗಿ 2,500ರ ಮೇಲೆ.

108 ಇದೆಯಲ್ಲ, ಬೇರೆ ಆಂಬುಲೆನ್ಸ್ ಬೇಕೇ?

ಬೇಕು. ಊರಿಗಿರುವ ಒಂದು ಗಾಡಿಯನ್ನು ನಿಮ್ಮ ಓಟಕ್ಕೆ ಕಟ್ಟಿಹಾಕಬೇಡಿ. ನಿಮ್ಮದೇ ಎರಡಿರಲಿ, ಒಂದು ಹೊರಟರೂ ಇನ್ನೊಂದು ಉಳಿಯಬೇಕು. ಎರಡೂ ಹೊರಟುಹೋದರೆ, ಒಂದು ಮರಳುವವರೆಗೆ ಚೆಕ್‌ಪಾಯಿಂಟಿನಿಂದ ಯಾರನ್ನೂ ಮುಂದೆ ಬಿಡಬೇಡಿ.

ಸಹಿ ಹಾಕಿಸಿಕೊಂಡರೆ ನಮ್ಮ ಹೊಣೆ ಮುಗಿಯಿತಲ್ಲ?

ನಿರ್ಲಕ್ಷ್ಯದ ಹೊಣೆ ಯಾವ ಸಹಿಯಿಂದಲೂ ತೊಳೆದುಹೋಗುವುದಿಲ್ಲ. ವಿಮೆ ಮಾಡಿಸಿ.

ಎಲ್ಲರೂ ಕೆಳಗೆ ಬಂದಿದ್ದಾರೆ ಎಂದು ಗೊತ್ತಾಗುವುದು ಹೇಗೆ?

ಪ್ರತಿ ಚೆಕ್‌ಪಾಯಿಂಟಿನಲ್ಲಿ 1ರಿಂದ 200ರವರೆಗೆ ಅಚ್ಚಾದ ಹಾಳೆ, ದಾಟಿದವರ ಸಂಖ್ಯೆ ಹೊಡೆದುಹಾಕಲು ಪೆನ್ಸಿಲ್. ಓಟಗಾರರ ಸಮಯ ದಾಖಲಿಸುವ ಚಿಪ್ ಇದ್ದರೂ ಇದು ಇರಲಿ. ಬೆವರಿಗೆ, ಮಂಜಿಗೆ ಪೆನ್ನಿನ ಶಾಯಿ ಹರಡುತ್ತದೆ. ಕೊನೆಯ ಓಟಗಾರನ ಹಿಂದೆ ಇಬ್ಬರು ಸ್ವೀಪರ್‌ಗಳು ನಡೆದು ಬರಬೇಕು, ಇಬ್ಬರೇ ಯಾಕೆಂದರೆ ಒಬ್ಬರು ಗಾಯಾಳುವಿನ ಬಳಿ ಕೂತರೆ ಇನ್ನೊಬ್ಬರು ಮುಂದೆ ಸಾಗಬೇಕು. ಒಂದು ಚೆಕ್‌ಪಾಯಿಂಟ್ ಮುಚ್ಚುವುದು ಸ್ವೀಪರ್ ಬಂದು, ಹಾಳೆಯ ಲೆಕ್ಕ ಹಿಂದಿನ ಚೆಕ್‌ಪಾಯಿಂಟಿಗೆ ತಾಳೆಯಾದ ಮೇಲೆ.

ಸಂಜೆ ಹುಡುಕಾಟಕ್ಕೆ ಹೊರಡಿಸುವುದು ಹೆಚ್ಚಾಗಿ ಕಳೆದುಹೋದವರಲ್ಲ, ಸಾಕಾಗಿ ಯಾರದೋ ಬೈಕ್ ಹತ್ತಿ ಲಾಡ್ಜಿಗೆ ಹೋಗಿ ಮಲಗಿದವರು. ಅದಕ್ಕೇ ನಿಯಮ ಹೀಗಿರಲಿ: ಬಿಟ್ಟುಹೋಗುವವರು ಬಿಬ್ ಕಿತ್ತು ಮಾರ್ಷಲ್ ಕೈಗೆ ಕೊಡಬೇಕು, ಕೊಡದೆ ಹೋದವರಿಗೆ ಮುಂದಿನ ವರ್ಷ ಪ್ರವೇಶವಿಲ್ಲ. ಬಿಬ್ಬಿನ ಮೇಲೆ ನಿಯಂತ್ರಣ ಕೊಠಡಿಯ ಫೋನ್ ನಂಬರ್, ನಿಮ್ಮ ಬಳಿ ಅವರ ಮನೆಯವರ ನಂಬರ್.

ಕೊನೆಯವರು ಬಂದ ಮೇಲೆ ಏನು ಬಾಕಿ?

ರಿಬ್ಬನ್. ಸ್ವೀಪರ್‌ಗಳೇ ಕಿತ್ತು ತರಬೇಕು, ಕಟ್ಟಿದ್ದೆಷ್ಟು ಬಂದದ್ದೆಷ್ಟು ಎಂದು ಎಣಿಸಬೇಕು. ಕವಲುಗಳದ್ದು ಒಂದೂ ಉಳಿಯಬಾರದು. ಸೋಮವಾರ ಅದನ್ನು ನಂಬಿ ಕಾಡಿಗೆ ಇಳಿಯುವ ಚಾರಣಿಗರಿರುತ್ತಾರೆ. ಉಣುಗೋಲುಗಳನ್ನು ಮತ್ತೆ ಹಾಕಿದ್ದೀರಾ ನೋಡಿ, ಇಲ್ಲದಿದ್ದರೆ ರಾತ್ರಿ ದನ ತೋಟಕ್ಕೆ ನುಗ್ಗಿ, ಮುಂದಿನ ವರ್ಷ ಆ ಗೇಟು ತೆರೆಯುವುದಿಲ್ಲ.